ಎತ್ತಿನ ಜೊತೆ ರಾಯಚೂರಿಗೆ

ಸೋಮವಾರ ರಾತ್ರಿ, ಸಿದ್ದಾಪುರ

ಐಚರ್ ಸಿಗಲಿಲ್ಲ, ಪಿಕಪ್ ಗೊತ್ತಾಯಿತು. ಇಕ್ಕಟ್ಟು. ತಳಕ್ಕೆ ಮರಳು, ಮೇಲೆ ಗೇಣುದಪ್ಪ ನೆಲ್ಲುಹುಲ್ಲು. ಪಕ್ಕೆ ಉಜ್ಜಬಾರದೆಂದು ಸರಳುಗಳಿಗೆ ಗೋಣಿಚೀಲ ಸುತ್ತಿದ್ದಾಯಿತು. ಹುರುಳಿ, ತೌಡು, ಹತ್ತಿಕಾಳಿನ ಹಿಂಡಿ. ಡ್ರಮ್ಮಿನಲ್ಲಿ ನಮ್ಮೂರ ನೀರು; ಬೇರೆ ಊರಿನದಾದರೆ ಮೂಸಿ ಬಿಡುತ್ತವೆ. ನಮಗೆ ಒಂದು ಜಮಖಾನೆ, ಕಟಕ ರೊಟ್ಟಿ, ಶೇಂಗಾ ಚಟ್ನಿ.

"ಅಡಗಿಮನಿ ತಗಡು ಸೋರತೈತಿ, ಅದಕ್ಕ ರೊಕ್ಕ ಇಲ್ಲ ಅಂದ್ರಿ" ಅಂದಳು ಇವಳು. ಏನು ಹೇಳಲಿ. ಗದ್ದೆಗೆ ಟ್ರ್ಯಾಕ್ಟರ್ ಬರುತ್ತದೆ. ಈ ಜೋಡಿ, ಸಾರಂಗ ಮತ್ತು ಬಿಳಿಯ, ಸಾಕಿದ್ದೇ ಕಲ್ಲು ಎಳೆಯುವ ಸ್ಪರ್ಧೆಗೆ.

ಮಂಗಳವಾರ, ನಸುಕು 3

ಬಿಸಿಲೇರುವ ಮೊದಲು ಮುಟ್ಟಬೇಕು. ಕಾರಟಗಿ ದಾಟುವ ತನಕ ಸಾರಂಗ ಒದೆಯುತ್ತಲೇ ಇತ್ತು. ಸಿಂಧನೂರಿನಲ್ಲಿ ನಿಲ್ಲಿಸಿದೆವು, ಇಳಿಸಲಿಲ್ಲ. ಇಳಿಸಿದರೆ ಮತ್ತೆ ಹತ್ತಿಸಲು ದಿಬ್ಬ ಹುಡುಕಬೇಕು. ನಿಂತೇ ನೀರು ಕುಡಿದವು.

ಅಳಿಯನ ಮೊಬೈಲಿನಲ್ಲಿ ಬೈಕ್ ಡ್ರ್ಯಾಗ್ ರೇಸ್. ನೆಟ್ಟಗೆ 402 ಮೀಟರ್, ಅಷ್ಟೇ. "ಮಾವ, ಇವರು ಬೈಕ್ ಟ್ರೇಲರಿನ್ಯಾಗ ತರತಾರ. ಟೆಂಟು, ಮಡಚೋ ಕುರ್ಚಿ, ಫ್ಯಾನು, ಎಲ್ಲಾ ಇರತಾವ."

"ಫ್ಯಾನು ಯಾರಿಗೆ?"

"ಮನಷ್ಯಾರಿಗೆ."

ಡ್ರೈವರನೂ ನಕ್ಕ.

ಮಧ್ಯಾಹ್ನ, ರಾಜೇಂದ್ರ ಗಂಜ್

ಮುಂಗಾರು ಹಬ್ಬದ ಗದ್ದಲ. ಮುನ್ನೂರು ಕಾಪು ಸಮಾಜದವರು ಕಾರಹುಣ್ಣಿಮೆಗೆ ನಡೆಸುವುದು. ಕರ್ನಾಟಕದ ಎತ್ತಿಗೆ 1.5 ಟನ್ ಕಲ್ಲು. ಹೊರಗಿನವರೂ ಎಳೆಯುವ ದಿನ 2, ಆಮೇಲೆ 2.5. ಕರ್ನೂಲು ಕಡೆಯವರ ಲಾರಿ ನೋಡಿದೆ. ಒಂಗೋಲು ಎತ್ತು, ಸ್ಟ್ಯಾಂಡ್ ಫ್ಯಾನು, ಸೊಳ್ಳೆಪರದೆ, ಮೈ ತಿಕ್ಕಲು ಆಳು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ.

ನಮಗೆ ಸಿಕ್ಕಿದ್ದು ಗೋಡೆಯ ನೆರಳು. ನಾಲ್ಕಕ್ಕೆ ಅದೂ ಸರಿಯಿತು; ತಾಡಪತ್ರಿ ಕಟ್ಟಿದೆವು. ಒಗ್ಗಣ್ಣಿ, ಮಿರ್ಚಿ ತಿಂದೆ. ಚೆನ್ನಾಗಿತ್ತು.

ರಾತ್ರಿ 1

ಪಿಕಪ್ ಕೆಳಗೆ ಜಮಖಾನೆ. ಸೊಳ್ಳೆ. ಬಿಳಿಯ ಮಲಗಿ ಮೆಲುಕು ಹಾಕುತ್ತಿದೆ, ಸಾರಂಗ ಇನ್ನೂ ನಿಂತಿದೆ. ಅದು ಮಲಗದೆ ನನಗೂ ನಿದ್ದೆಯಿಲ್ಲ.

2014ರ ಮೇನಲ್ಲಿ ಸುಪ್ರೀಂ ಕೋರ್ಟು ಎತ್ತಿನ ಓಟ ಬೇಡ ಅಂದಿತು. ಅಪ್ಪ ಜೋಡಿ ಮಾರಿದ. 2017ರಲ್ಲಿ ಸರ್ಕಾರ ಕಾಯ್ದೆ ತಿದ್ದಿತು, 2023ರ ಮೇ 18ಕ್ಕೆ ಅದೇ ಕೋರ್ಟು ತಿದ್ದುಪಡಿ ಎತ್ತಿಹಿಡಿಯಿತು. ಅಪ್ಪ ಅಷ್ಟರಲ್ಲಿ ಇರಲಿಲ್ಲ. ಹಿಂಸೆ ಅಂದಿದ್ದು ಪೂರಾ ಸುಳ್ಳೇ? ಹಗ್ಗ ಬಿಗಿದಾಗ ಸಾರಂಗದ ಕಣ್ಣು ಹೇಗಾಗುತ್ತದೆ, ನೋಡಿದ್ದೇನೆ. ಮರಳು, ಹುಲ್ಲು, ಹುರುಳಿಯಲ್ಲಿ ಆ ಲೆಕ್ಕ ಚುಕ್ತಾ ಆಗುತ್ತದೆಯೋ ಇಲ್ಲವೋ.

ಬುಧವಾರ, 11

ಎಳೆದವು. ಮೊದಲು ಜೋರು, ಆಮೇಲೆ ಸಾರಂಗದ ಉಸಿರು ಹತ್ತಿತು. ಕಲ್ಲು ಒಮ್ಮೆ ನಿಂತರೆ ಮತ್ತೆ ಕದಲಿಸುವುದೇ ಕಷ್ಟ. ಜನ ಸಿಳ್ಳೆ. ಅಡಿ ಅಳೆದರು, ಬಹುಮಾನದ ಸಾಲಿಗೆ ಬರಲಿಲ್ಲ. ಕಾಲಿಗೆ ನೀರು ಹೊಯ್ದೆ, ಕೊರಳು ತಿಕ್ಕಿದೆ. ಬೇಸರ ಆಗಬೇಕಿತ್ತು, ಆಗಲಿಲ್ಲ. ಹಸಿವು ಮಾತ್ರ.

ಸಂಜೆ

ನಂದ್ಯಾಲ ಕಡೆಯವನೊಬ್ಬ ಬಿಳಿಯನ ಹಲ್ಲು ನೋಡಿ ಬೆಲೆ ಕೇಳಿದ. ಒಂದೇ ಬೇಕಂತೆ. ಅವನು ಹೇಳಿದ ಮೊತ್ತಕ್ಕೆ ಅಡಗಿಮನಿಗೆ ತಗಡಲ್ಲ, ಸ್ಲ್ಯಾಬೇ ಹಾಕಿಸಬಹುದು. ನಾಳೆ ಹೇಳುತ್ತೇನೆ ಅಂದೆ. ಇವಳಿಗೆ ಫೋನ್ ಹಚ್ಚಿಲ್ಲ. ಡ್ರೈವರ್ ವೇಟಿಂಗ್ ರೊಕ್ಕ ಕೇಳುತ್ತಿದ್ದಾನೆ.