ಪಾವಕ

ಅಗ್ನಿಗೆ ಪಾವಕನೆಂಬ ಹೆಸರುಂಟು. ಶುದ್ಧಿಗೊಳಿಸುವವನೆಂದು ಅದರ ಅರ್ಥ. ಮೂವತ್ತು ವರ್ಷ ಮಕ್ಕಳಿಗೆ ಈ ಶಬ್ದವನ್ನು ಹೇಳಿಕೊಟ್ಟ ನನಗೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಳೆಯ ರೂಢಿಯೊಂದು ಅದರ ನಿಜವಾದ ವ್ಯಾಖ್ಯಾನದಂತೆ ತೋರುತ್ತದೆ.

ಬೇಸಗೆ ಬಲಿಯುವ ಮುನ್ನವೇ ಅವರು ಉದುರಿದೆಲೆಗೂ ಒಣಹುಲ್ಲಿಗೂ ಕಿಚ್ಚಿಡುತ್ತಿದ್ದರು. ಇದೇ ತರಗುಬೆಂಕಿ. ಅದು ನೆಲಮಟ್ಟದಲ್ಲಿ ಹರಿದು ತಾನಾಗಿ ಆರುತ್ತಿತ್ತು, ಹೆಮ್ಮರಗಳನ್ನು ಸುಡುತ್ತಿರಲಿಲ್ಲ. ಹೊಸ ಹುಲ್ಲು ಚಿಗುರುತ್ತಿತ್ತು. ನೆಲ್ಲಿಮರವನ್ನು ಹೀರುವ ಬಂದಳಿಕೆಯೂ ಅಡಗುತ್ತಿತ್ತೆಂಬುದು ಅವರ ಅನುಭವ.

1974ರಲ್ಲಿ ಬೆಟ್ಟವು ವನ್ಯಧಾಮವಾಯಿತು, ತರಗುಬೆಂಕಿ ನಿಂತಿತು. ಲಂಟಾನವು ಆಳೆತ್ತರ ಹಬ್ಬಿದ್ದು ಅದರಿಂದಲೇ ಎಂದು ಸೋಲಿಗರು ಹೇಳುತ್ತಾರೆ. ಒಣಗಿದ ಆ ಪೊದೆಗೆ ಹತ್ತಿದ ಉರಿಯಾದರೋ ಮರದ ಕೊಂಬೆಗೇರುವುದು. ಅದೇ ಜಿಲ್ಲೆಯ ಬಂಡೀಪುರದಲ್ಲಿ 2019ರ ಫೆಬ್ರವರಿಯ ಕಾಳ್ಗಿಚ್ಚು ಸಾವಿರಾರು ಎಕರೆಗಳನ್ನು ಬೂದಿಮಾಡಿತು.

ಅರಣ್ಯ ಇಲಾಖೆಯವರು ವರ್ಷವರ್ಷವೂ ಬೆಂಕಿರೇಖೆಗಳನ್ನು ಸುಟ್ಟು ತೆರವುಮಾಡುತ್ತಾರೆ, ಅದು ಅವಶ್ಯವೇ. ಆದರೆ ರೇಖೆಗಳ ನಡುವಣ ತರಗು ಹಾಗೆಯೇ ಉಳಿಯುತ್ತದೆ. ಇಂದು ಲಂಟಾನವನ್ನು ಕೀಳದೆ ಕಿಡಿಯಿಡುವುದೂ ಅವಿವೇಕ. ಯಾವ ದಿನ, ಯಾವ ಗಾಳಿಯಲ್ಲಿ, ಎಲ್ಲಿಂದ ಹಚ್ಚಬೇಕೆಂಬುದನ್ನು ಬಲ್ಲವರು ಈಗ ಮುದುಕರು. ವಾಚಕರೇ, ಗ್ರಂಥವು ಸುಟ್ಟರೆ ಪ್ರತಿ ಉಳಿದೀತು. ಬರೆಯದ ವಿದ್ಯೆಗೆ ಪ್ರತಿಯೆಲ್ಲಿ? ಆ ಹಿರಿಯರಿರುವಾಗಲೇ ಅವರನ್ನು ಕೇಳಿ ಕಲಿಯುವುದು ಶ್ರೇಯಸ್ಕರ.