ಓಮ್ನಿ ಸೀಟಿನಡಿಯ ಮಗ್ಗ

ಏಪ್ರಿಲ್ ತಿಂಗಳ ಮಧ್ಯಾಹ್ನ ಮಾರುತಿ ಓಮ್ನಿಯ ಮುಂದಿನ ಸೀಟಲ್ಲಿ ಒಂದು ಗಂಟೆ ಕೂತವರಿಗೆ ನಾನೇನೂ ವಿವರಿಸಬೇಕಿಲ್ಲ. ಕೂರದವರಿಗೆ ಹೇಳ್ತೀನಿ: ಇಡ್ಲಿ ಪಾತ್ರೆಯ ಮುಚ್ಚಳದ ಮೇಲೆ ದಿಂಬು ಹಾಕ್ಕೊಂಡು ಕೂತ ಹಾಗಿರುತ್ತೆ. ಬೇರೆ ಕಾರುಗಳಲ್ಲಿ ಎಂಜಿನ್ ನಮ್ಮ ಮುಂದೆ ಇರುತ್ತೆ, ಓಮ್ನಿಯಲ್ಲಿ ನಮ್ಮ ಕೆಳಗೇ. ಸೀಟು ಎತ್ತಿದರೆ ಸಾಕು, 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಅಲ್ಲೇ ಕೂತಿರುತ್ತೆ. ಅದಕ್ಕೂ ನಮಗೂ ನಡುವೆ ಒಂದು ತಗಡು, ಒಂಚೂರು ಸ್ಪಂಜು. ನಮ್ಮನೆ ಗಾಡಿಯಲ್ಲಿ ಅಮ್ಮ ಮಡಚಿ ಹಾಸಿದ ಒಂದು ಗೋಣಿಚೀಲ ಬೇರೆ.

1984ರಲ್ಲಿ ಮಾರುತಿ ವ್ಯಾನ್ ಅಂತ ಶುರುವಾಗಿ, ಆಮೇಲೆ ಓಮ್ನಿ ಅಂತ ಹೆಸರು ಬದಲಿಸಿಕೊಂಡು, 2019ರಲ್ಲಿ ತಯಾರಿಕೆ ನಿಂತ ಗಾಡಿ ಇದು. ಸ್ಕೂಲ್ ಮಕ್ಕಳು, ಹೂವು, ಹಾಲಿನ ಕ್ಯಾನು, ಮದುವೆ ಅಡುಗೆ ಪಾತ್ರೆ, ಆಂಬುಲೆನ್ಸ್, ಸಿನಿಮಾದಲ್ಲಿ ಕಿಡ್ನ್ಯಾಪ್, ಎಲ್ಲಕ್ಕೂ ಇದೇ. ದೊಡ್ಡಬಳ್ಳಾಪುರದ ನಮ್ಮನೆಯಲ್ಲಿ ಅದು ಸೀರೆ ಗಂಟು, ನೂಲಿನ ಮೂಟೆ ಸಾಗಿಸೋಕೆ ಬಂತು. ಅಪ್ಪ ಮಗ್ಗದವರು. ಮೂವತ್ತು ವರ್ಷ ಪವರ್‌ಲೂಮ್ ಓಡಿಸಿದ್ದಾರೆ.

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ನಡೆದಿದ್ದೀರಾ? ಊರು ಕಣ್ಣಿಗೆ ಕಾಣೋಕೆ ಮೊದಲು ಕಿವಿಗೆ ಸಿಗುತ್ತೆ. ಬಾಗಿಲು ಮುಚ್ಚಿದ್ದರೂ ಟಕಟಕಟಕ. ಲಾಳಿ ಆ ಕಡೆಯಿಂದ ಈ ಕಡೆಗೆ ಹಾರಬೇಕಲ್ಲ, ಅದಕ್ಕೆ ಪ್ರತಿ ಸಲ ಒಂದು ಏಟು. ನಿಮಿಷಕ್ಕೆ ನೂರಕ್ಕೂ ಹೆಚ್ಚು ಏಟು, ಅಂಥವು ನಾಲ್ಕು ಮಗ್ಗ ಒಂದೇ ಶೀಟ್ ಮನೆಯೊಳಗೆ. ಚಿಕ್ಕವಳಿದ್ದಾಗ ಕರೆಂಟ್ ಹೋದರೆ ನನಗೆ ಎಚ್ಚರ ಆಗ್ತಿತ್ತು, ಮೌನಕ್ಕೆ. ನಮ್ಮ ಕಾರ್ಖಾನೆ ನಿಯಮಗಳಲ್ಲಿ ದಿನಕ್ಕೆ 8 ಗಂಟೆ ಕೆಲಸಕ್ಕೆ 90 ಡೆಸಿಬಲ್ ಅನ್ನೋ ಮಿತಿ ಇದೆ. ಮನೆ ಹಿಂದಿನ ಮಗ್ಗಕ್ಕೆ ಯಾರು ಬಂದು ಅಳೀತಾರೆ? ಅಪ್ಪ ಕಿವಿಗೆ ಹತ್ತಿ ಕೂಡ ಇಟ್ಟವರಲ್ಲ. ಎಳೆ ಕಡಿದರೆ ಸದ್ದಿನಲ್ಲೇ ಗೊತ್ತಾಗಬೇಕಂತೆ.

ಇಂಥ ಸದ್ದು ಕಿವಿಯನ್ನ ಒಂದೇ ಸಲ ಮುಚ್ಚಲ್ಲ. ಮೊದಲು ಎತ್ತರದ ಸ್ವರಗಳು ಹೋಗ್ತವೆ. ಸ, ಶ, ತ, ಕ ಥರದ ವ್ಯಂಜನಗಳು ಉದುರ್ತವೆ. ಮಾತು ಕೇಳಿಸುತ್ತೆ, ಅರ್ಥ ಆಗಲ್ಲ. ಅಮ್ಮ "ಸಾಕಾ?" ಅಂದರೆ ಅಪ್ಪನಿಗೆ ಬರೋದು "ಆ...ಆ?" ಅಷ್ಟೇ. ಅವರು ತಲೆಯಾಡಿಸ್ತಾರೆ, ಅಮ್ಮ ಇನ್ನೆರಡು ಸೌಟು ಸಾರು ಬಡಿಸ್ತಾರೆ. ಹೋದ ವರ್ಷ ಕಿವಿ ಮಷಿನ್ ಕೊಡಿಸಿದೆ. ಎರಡು ವಾರ ಹಾಕ್ಕೊಂಡರು. ಆಮೇಲೆ ಅದು ಅಂಗಿ ಜೇಬಿಗೆ ಹೋಯ್ತು. ಯಾಕಪ್ಪಾ ಅಂದರೆ, "ಗಾಡೀಲಿ ಹಾಕ್ಕೊಂಡ್ರೆ ತಲೆಯೊಳಗೆ ಮಿಲ್ ಓಡ್ದಂಗಾಗುತ್ತೆ ಪುಟ್ಟಿ."

ಅದು ನೆಪ ಅಂದ್ಕೊಂಡಿದ್ದೆ. ಒಂದು ದಿನ ಪಕ್ಕದಲ್ಲಿ ಕೂತು ಮೊಬೈಲಿನ ಸೌಂಡ್ ಮೀಟರ್ ಆ್ಯಪ್ ಆನ್ ಮಾಡಿದೆ. 60 ಕಿ.ಮೀ. ವೇಗದಲ್ಲಿ 84 ಡೆಸಿಬಲ್ ತೋರಿಸ್ತು. ಮೊಬೈಲ್ ಮೈಕಿನ ಲೆಕ್ಕವನ್ನ ಪೂರ್ತಿ ನಂಬೋ ಹಾಗಿಲ್ಲ. ಆದರೂ ಕಿವಿ ಮಷಿನ್ ಮಾತನ್ನಷ್ಟೇ ಅಲ್ಲ, ಸುತ್ತಲಿನ ಗದ್ದಲವನ್ನೂ ದೊಡ್ಡದು ಮಾಡುತ್ತೆ. ಎಂಜಿನ್ನಿನ, ಚಕ್ರದ ಗುಂಯ್ ಅನ್ನೋ ತಗ್ಗು ಸ್ವರ ಮಾತಿನ ಸಣ್ಣ ಸ್ವರಗಳನ್ನ ನುಂಗಿಹಾಕುತ್ತೆ. ಅಪ್ಪ ಸುಳ್ಳು ಹೇಳಿರಲಿಲ್ಲ. ಮಗ್ಗ ಬಿಟ್ಟು ಬಂದು ಇನ್ನೊಂದು ಮಗ್ಗದ ಮೇಲೆ ಕೂರ್ತಿದ್ದರು.

ಅಮೆರಿಕದಲ್ಲಿ ಹಾಟ್ ರಾಡ್ ಅಂತ ಒಂದು ಹುಚ್ಚಿದೆ. 1932ರ ಫೋರ್ಡ್ ಥರದ ಹಳೇ ಕಾರು ತಗೊಂಡು, ಬೇಡದ್ದೆಲ್ಲ ಕಿತ್ತು, ದೊಡ್ಡ ಎಂಜಿನ್ ಕೂರಿಸಿ ಓಡಿಸೋದು. ಕಾಲಡಿ ಕೆಂಡ, ಕಿವೀಲಿ ಗುಡುಗು. ಆ ಜನ ಎಷ್ಟೋ ದಶಕಗಳಿಂದ ಶಾಖಕ್ಕೂ ಸದ್ದಿಗೂ ಉಪಾಯ ಹುಡುಕ್ತಾ ಬಂದಿದ್ದಾರೆ. ನಮ್ಮಲ್ಲಿ ಎಂಜಿನ್, ಬಾಡಿ ಬದಲಿಸೋಕೆ ಹೋದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. ಮ್ಯಾಟ್ ಕೆಳಗೆ ಶೀಟ್ ಅಂಟಿಸೋಕೆ ಯಾರ ಅಡ್ಡಿಯೂ ಇಲ್ಲ. ಅವರ ಉಪಾಯ ಅಪ್ಪನ ಓಮ್ನಿಗೆ ಯಾಕಾಗಬಾರದು ಅಂತ ಎರಡು ವೀಕೆಂಡ್ ರಜೆ ಬರೆದುಕೊಂಡೆ. "ಗಾಡಿ ಮಾರಿದ್ರೂ ಅಷ್ಟು ದುಡ್ಡು ಬರಲ್ಲ" ಅಂತ ಅಪ್ಪ ನಕ್ಕರು. ಕೊನೆಗೆ ಖರ್ಚಾಗಿದ್ದು ಒಂಬತ್ತು ಸಾವಿರ.

ಮೊದಲ ವೀಕೆಂಡ್ ಪೂರ್ತಿ ದಂಡ. ಬೆಂಗಳೂರಿನ ಜೆ.ಸಿ. ರೋಡಲ್ಲಿ ಅಂಗಡಿಯವರೊಬ್ಬರು "ಎಲ್ಲಾ ಇದನ್ನೇ ಹಾಕೋದು ಮೇಡಂ" ಅಂತ ಡಾಂಬರಿನ ಶೀಟ್ ಕೊಟ್ಟರು. ಅರ್ಧ ರೇಟು ಅಂತ ನಾನೂ ತಂದೆ. ಅಂಟಿಸಿ ಬಿಸಿಲಲ್ಲಿ ನಿಲ್ಲಿಸಿದ್ದೇ ತಡ, ಗಾಡಿಯೊಳಗೆ ರಸ್ತೆಗೆ ಟಾರ್ ಹಾಕೋ ವಾಸನೆ. ಸೋಮವಾರದ ಹೊತ್ತಿಗೆ ಒಂದು ತುಂಡು ಕರಗಿ ಜಾರಿ ಅಮ್ಮನ ಚಪ್ಪಲಿಗೆ ಅಂಟಿಕೊಂಡಿತ್ತು. ಥಿನ್ನರ್ ಹಾಕಿ ಉಜ್ಜಿ ತೆಗೆಯೋಕೆ ಇನ್ನೊಂದು ದಿನ.

ಎರಡನೇ ವೀಕೆಂಡಿಗೆ ಸರಿಯಾದ ಮಾಲು ತಂದೆ. ಸದ್ದನ್ನ ತಡೆಯೋದು ಅಂದರೆ ಒಂದೇ ಕೆಲಸ ಅಲ್ಲ. ತಗಡು ತಮಟೆ ಥರ ನಡುಗುತ್ತಲ್ಲ, ಆ ನಡುಕ ಹಿಡಿಯೋಕೆ ಬ್ಯುಟೈಲ್ ರಬ್ಬರ್ ಶೀಟ್, ಒಂದು ಕಡೆ ಅಲ್ಯೂಮಿನಿಯಂ ಹಾಳೆ ಇರೋದು. ಇದನ್ನ ತಗಡಿನ ಪೂರ್ತಿ ಹಾಕಬೇಕಿಲ್ಲ. ಬೆರಳಲ್ಲಿ ತಟ್ಟಿ ನೋಡಿ, ಎಲ್ಲಿ "ಡಂಯ್" ಅನ್ನುತ್ತೋ ಆ ನಡುಭಾಗಕ್ಕೆ, ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಅಂಟಿಸಿದರೆ ಸಾಕು. "ಡಂಯ್" ಹೋಗಿ "ದಬ್" ಅನ್ನಬೇಕು. ತಗಡನ್ನ ಚೆನ್ನಾಗಿ ಒರೆಸಿ, ಸಣ್ಣ ರೋಲರ್‌ನಲ್ಲಿ ಗಾಳಿಗುಳ್ಳೆ ಇಲ್ಲದ ಹಾಗೆ ಒತ್ತಬೇಕು. ಚಪಾತಿ ಲಟ್ಟಿಸಿದ ಅನುಭವ ಇದ್ದರೆ ಒಳ್ಳೇದು. ಅಮ್ಮ ನನಗಿಂತ ಚೆನ್ನಾಗಿ ಒತ್ತಿದರು.

ಅದರ ಮೇಲೆ ಎಸಿ ಪೈಪಿಗೆ ಸುತ್ತೋ ಥರದ ಕಪ್ಪು ನೈಟ್ರೈಲ್ ಫೋಮ್. ಇದು ಶಾಖಕ್ಕೆ. ನೀರು ಕುಡಿಯದ ಫೋಮೇ ಆಗಬೇಕು. ಹಾಸಿಗೆ ಸ್ಪಂಜು ಹಾಕಿದರೆ ಮೊದಲ ಮಳೆಗೆ ನೀರು ಹಿಡಿದು, ವರ್ಷದೊಳಗೆ ತಗಡು ತುಕ್ಕು. ಅದೇ ಕಾರಣಕ್ಕೆ ನೆಲದಲ್ಲಿ, ಬಾಗಿಲ ಅಡಿಯಲ್ಲಿ ನೀರು ಹೋಗೋ ತೂತುಗಳನ್ನ ಮುಚ್ಚಬಾರದು. ಚಾವಣಿಯ ಒಳಗಡೆಗೂ ಇದನ್ನೇ ಹಾಕಿದೆ, ಮೇಲಿಂದ ಬರೋ ಬಿಸಿಲು ಕೆಳಗಿನ ಎಂಜಿನ್ನಿಗೆ ಏನೂ ಕಮ್ಮಿ ಇಲ್ಲ.

ಸೀಟಿನಡಿ, ಎಂಜಿನ್ನಿನ ಮೇಲ್ಭಾಗದಲ್ಲಿ ಮಾತ್ರ ಆಟ ಆಡಬಾರದು. ಅಲ್ಲಿ ಬೆಂಕಿ ಹಿಡಿಯದ ಗ್ಲಾಸ್‌ಫೈಬರ್ ಬಟ್ಟೆ, ಹೊಳೆಯೋ ಮುಖ ಕೆಳಗೆ, ನಡುವೆ ಸ್ವಲ್ಪ ಗಾಳಿಯ ಜಾಗ. ಹೊಳಪಿನ ಹಾಳೆ ಶಾಖವನ್ನ ಹಿಂದಕ್ಕೆ ತಳ್ಳೋದು ಆ ಗಾಳಿಯ ಜಾಗ ಇದ್ದಾಗ ಮಾತ್ರ. ಬಿಸಿ ತಗಡಿಗೇ ತಾಗಿಸಿದರೆ ಅದೂ ಇನ್ನೊಂದು ತಗಡೇ. ಸೈಲೆನ್ಸರ್ ಪೈಪಿನ ಹತ್ತಿರ ಅಂಟು, ಫೋಮ್ ಯಾವುದೂ ಸುಳಿಯಬಾರದು. ಅಮ್ಮನ ಗೋಣಿಚೀಲವನ್ನೂ ಅವತ್ತೇ ಎತ್ತಿಸಿದೆ. ಪಾಪ, ಉಪಾಯ ತಪ್ಪೇನಲ್ಲ. ಕಾರು ಕಂಪನಿಗಳೂ ಸೆಣಬಿನ ಫೆಲ್ಟ್ ಬಳಸಿವೆ. ಆದರೆ ಎಂಜಿನ್ ಮೇಲೆ ಒಣ ಗೋಣಿ ಬೇಡ.

ಇಷ್ಟೆಲ್ಲ ಮಾಡಿದ ಮೇಲೂ ಅರ್ಧಕ್ಕರ್ಧ ಸದ್ದು ಹಾಗೇ ಇತ್ತು. ನಮ್ಮೂರಿನ ಮೆಕ್ಯಾನಿಕ್ ಅಣ್ಣ ಬಂದು ಸೀಟಿನ ಕೆಳಗೆ ಕೈಯಾಡಿಸಿ, "ಇಲ್ನೋಡಮ್ಮ, ಬೀಡಿಂಗೇ ಇಲ್ಲ" ಅಂದರು. ಎಂಜಿನ್ ಮುಚ್ಚಳದ ಸುತ್ತ ಇರಬೇಕಾದ ರಬ್ಬರ್ ಪಟ್ಟಿ ಯಾವಾಗಲೋ ಪುಡಿಯಾಗಿ ಹೋಗಿತ್ತು. ಸದ್ದು ನೀರಿದ್ದ ಹಾಗೆ, ಬೆರಳಷ್ಟು ಸಂದಿ ಸಿಕ್ಕರೆ ಅಲ್ಲೇ ನುಗ್ಗುತ್ತೆ. ಸದ್ದು ಮಾತ್ರ ಅಲ್ಲ, ಹೊಗೆಯೂ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಷ್ಟು ವರ್ಷ ನಾವು ಕಿಟಕಿ ತೆಗೆದಿಟ್ಟುಕೊಂಡು ಓಡಾಡಿದ್ದೇ ಒಳ್ಳೇದಾಯ್ತು. ಇನ್ನೂರು ರೂಪಾಯಿಯ ಬೀಡಿಂಗ್ ಮಾಡಿದ ಕೆಲಸವನ್ನ ಒಂಬತ್ತು ಸಾವಿರದ ಉಳಿದ ಸಾಮಾನು ಮಾಡಿತೋ ಇಲ್ಲವೋ, ಅನುಮಾನ.

ಪರೀಕ್ಷೆಗೆ ಹೊಸಕೋಟೆಯ ಅತ್ತೆ ಮನೆ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿ, ಸೂಲಿಬೆಲೆ ಮೇಲೆ ಸುಮಾರು 55 ಕಿ.ಮೀ. ಬೇಕಂತಲೇ ಭಾನುವಾರ ಹನ್ನೊಂದು ಗಂಟೆ ಬಿಸಿಲಿಗೆ ಹೊರಟ್ವಿ. ಹಿಂದೆ ಅಮ್ಮ, ಎರಡು ಸೀರೆ ಗಂಟು. ಸ್ಟೇರಿಂಗ್ ಅಪ್ಪನದೇ. ಕಿವಿ ಮಷಿನ್ ಜೇಬಲ್ಲೇ ಇತ್ತು. ಊರು ದಾಟಿದ ಮೇಲೆ ನಾನು ಕೈ ಚಾಚಿದೆ. ಅಪ್ಪ ನಿಟ್ಟುಸಿರು ಬಿಟ್ಟು, ಗಾಡಿ ಪಕ್ಕಕ್ಕೆ ಹಾಕಿ, ಕಿವಿಗೆ ಸಿಕ್ಕಿಸಿಕೊಂಡರು.

ಮತ್ತೆ ರಸ್ತೆಗಿಳಿಯೋಕೆ ಇಂಡಿಕೇಟರ್ ಹಾಕಿದರು. ಹಾಕಿ, ಹಾಗೇ ನಿಂತರು.

"ಅದೇನದು ಟಿಕ್ ಟಿಕ್? ಏನೋ ಲೂಸಾಗಿದೆ."

"ಇಂಡಿಕೇಟರ್ ಅಪ್ಪಾ."

"ಮೊದಲಿಂದಾನೂ ಇತ್ತಾ?"

ಇತ್ತು ಅಂದೆ. ಅವರು ಇನ್ನೂ ನಾಲ್ಕು ಸಲ ಅದನ್ನ ಹೊಡೆಯೋಕೆ ಬಿಟ್ಟು ಹೊರಟರು.

ದೇವನಹಳ್ಳಿ ರಸ್ತೆ ನಾನು ಚಿಕ್ಕವಳಿದ್ದಾಗಿನ ಹಾಗಿಲ್ಲ. ಹಿಪ್ಪುನೇರಳೆ, ದ್ರಾಕ್ಷಿ ತೋಟ ಈಗಲೂ ಇವೆ, ಆದರೆ ತೋಟಕ್ಕಿಂತ ಲೇಔಟ್ ಬೋರ್ಡು ಜಾಸ್ತಿ. 2008ರಲ್ಲಿ ಏರ್‌ಪೋರ್ಟ್ ಶುರುವಾದಾಗ ಇದೇ ಅಪ್ಪ ನನ್ನನ್ನ ಬೈಕಲ್ಲಿ ಕೂರಿಸಿಕೊಂಡು ಬಂದು ಬೇಲಿ ಪಕ್ಕ ನಿಂತು ವಿಮಾನ ತೋರಿಸಿದ್ದರು. ಟಿಪ್ಪು ಹುಟ್ಟಿದ ಊರು ಅಂತ ಹೊರಗಿನವರಿಗೆ ಗೊತ್ತು. ನಮ್ಮನೇಲಿ ದೇವನಹಳ್ಳಿ ಅಂದರೆ ಚಕ್ಕೋತ. ಭೌಗೋಳಿಕ ಮಾನ್ಯತೆ ಸಿಕ್ಕ ಹಣ್ಣು, ಮರಗಳು ಮಾತ್ರ ಕಮ್ಮಿ ಆಗ್ತಾ ಇವೆ. ಕೋಟೆಯ ಹತ್ತಿರ ಎರಡು ಹಣ್ಣು ತಗೊಂಡೆವು. ತಲೆ ಮೇಲೆ ಒಂದು ವಿಮಾನ ಇಳೀತಾ ಹೋಯ್ತು. ಅಪ್ಪ ಕಿವಿ ಮುಚ್ಚಿಕೊಂಡರು. "ಇಷ್ಟು ಸದ್ದು ಮಾಡುತ್ತಾ ಇದು?"

ಅಲ್ಲಿಂದ ಮುಂದೆ ಹೊಸ ತೊಂದರೆ ಶುರುವಾಯ್ತು. ಗಾಡಿ ಸೆಕೆಂಡ್ ಗೇರಲ್ಲೇ ಕಿರುಚ್ತಾ ಇದೆ, ಅಪ್ಪ ಮೂರಕ್ಕೆ ಹಾಕ್ತಾನೇ ಇಲ್ಲ. "ಅಪ್ಪಾ, ಗೇರು!" ಅಂದರೆ, "ಗೊತ್ತೇ ಆಗ್ತಿಲ್ಲಮ್ಮ" ಅಂದರು. ಕೇಳಿದ ಮೇಲೆ ತಿಳೀತು, ಇಷ್ಟು ವರ್ಷ ಅವರು ಕಿವಿಯಿಂದ ಗೇರ್ ಹಾಕಿದವರೇ ಅಲ್ಲ. ತೊಡೆ ಕೆಳಗೆ ಸೀಟು ಯಾವಾಗ ಜುಂ ಅನ್ನುತ್ತೋ ಆಗ ಮೂರು, ಮತ್ತೆ ಜುಂ ಅಂದರೆ ನಾಲ್ಕು. ಓಮ್ನಿಯಲ್ಲಿ ಎಂಜಿನ್ ಸುತ್ತು ತೋರಿಸೋ ಮೀಟರ್ ಇಲ್ಲ. ಆ ಜುಂ ಅನ್ನೋದೇ ಅವರ ಮೀಟರ್. ಅದನ್ನ ನಾನು ಒಂಬತ್ತು ಸಾವಿರ ಖರ್ಚು ಮಾಡಿ ಅಳಿಸಿಬಿಟ್ಟಿದ್ದೆ. ಆಫೀಸಲ್ಲಿ ಯಾರಿಗೂ ಬೇಡ ಅಂತ ಒಂದು ಲಾಗ್ ಫೈಲ್ ತೆಗೆದುಹಾಕಿ, ಮಾರನೇ ದಿನ ಇಡೀ ಸಪೋರ್ಟ್ ಟೀಮ್ ಬೈದಿದ್ದು ನೆನಪಾಯ್ತು. ಸೂಲಿಬೆಲೆವರೆಗೂ ನಾನೇ ಬಾಯಲ್ಲಿ "ಮೂರು", "ನಾಲ್ಕು" ಅಂತ ಕೂಗ್ತಾ ಬಂದೆ. ಆಮೇಲೆ ಅವರೇ ಸ್ಪೀಡೋಮೀಟರ್ ನೋಡಿ ಲೆಕ್ಕ ಹಿಡಿದರು.

ಸೂಲಿಬೆಲೆ ಹತ್ತಿರ ಹುಣಸೆ ಮರದ ಕೆಳಗೆ ಎಳನೀರಿಗೆ ನಿಲ್ಲಿಸಿದ್ವಿ. ಸೀಟಿನ ಮೇಲೆ ಅಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು, ಸುಡ್ತಿರಲಿಲ್ಲ. ಸೀಟು ಎತ್ತಿ ಗ್ಲಾಸ್‌ಫೈಬರ್ ಅಂಚು ನೋಡಿದೆ, ಎಲ್ಲೂ ಬಿಟ್ಟಿರಲಿಲ್ಲ. ಆ್ಯಪ್ ಪ್ರಕಾರ ಅದೇ 60ರ ವೇಗದಲ್ಲಿ 77. ಏಳೇ ಏಳು ಅಂತ ಕಾಣುತ್ತೆ. ಆದರೆ ಡೆಸಿಬಲ್ ಲೆಕ್ಕದಲ್ಲಿ 3 ಕಮ್ಮಿ ಆದರೆ ಸದ್ದಿನ ಶಕ್ತಿ ಅರ್ಧ ಆದ ಹಾಗೆ. ಏಳು ಅಂದರೆ ಐದರಲ್ಲಿ ಒಂದು ಪಾಲು ಉಳಿದಿದೆ.

ಎಳನೀರು ಕುಡಿದು ಹೊರಟು ಸ್ವಲ್ಪ ದೂರ ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪ ರಸ್ತೆ ನೋಡ್ತಾನೇ ಕೇಳಿದರು.

"ಪುಟ್ಟಿ, ಇವತ್ತು ನೀನು ಬೈತಿಲ್ವಲ್ಲ?"

"ನಾನ್ಯಾವಾಗ ಬೈದೆ ಅಪ್ಪಾ?"

"ಯಾವಾಗ್ಲೂ. ಗಾಡೀಲಿ, ಫೋನಲ್ಲಿ. ಏನ್ ಕೇಳಿದ್ರೂ ರೇಗ್ತಿದ್ದೆ."

ನಾನು ರೇಗ್ತಿರಲಿಲ್ಲ, ಕೂಗ್ತಿದ್ದೆ. ಅವರಿಗೆ ಕೇಳಿಸಲಿ ಅಂತ. ಎಂಜಿನ್ನಿಗಿಂತ ಮೇಲೆ, ಮಗ್ಗಕ್ಕಿಂತ ಮೇಲೆ ದನಿ ಎತ್ತಿ ಎತ್ತಿ, ಊಟ ಆಯ್ತಾ ಅನ್ನೋದನ್ನೂ ಜಗಳದ ಹಾಗೆ ಕೇಳಿದ್ದೆ. ಅವರಿಗೆ ಮಾತಿನ ಅರ್ಥ ಸಿಗ್ತಿರಲಿಲ್ಲ, ನನ್ನ ಮುಖದ ಗಂಟು ಮಾತ್ರ ಕಾಣ್ತಿತ್ತು. ಹಿಂದಿನ ಸೀಟಲ್ಲಿ ಅಮ್ಮ ಚಕ್ಕೋತ ಬಿಡಿಸ್ತಾ ಸುಮ್ಮನಿದ್ದರು. ಏನು ಉತ್ತರ ಕೊಡಬೇಕೋ ತಿಳಿಯದೆ, "ಇಲ್ಲಪ್ಪ" ಅಂದೆ. ಮೆಲ್ಲಗೆ. ಅದು ಅವರಿಗೆ ಕೇಳಿಸ್ತು.

ಹೊಸಕೋಟೆ ತಲುಪಿದಾಗ ಬೆಳಗಿನ ಜಾವದ ದಮ್ ಬಿರಿಯಾನಿಗೆ ಬೆಂಗಳೂರಿಂದ ಬರೋ ಕಾರುಗಳ ಸಂತೆ ಮುಗಿದು ಎಷ್ಟೋ ಹೊತ್ತಾಗಿತ್ತು. ಅತ್ತೆ ಮನೇಲಿ ಅಪ್ಪ ಗಾಡಿ ಕಥೆಯನ್ನ ಮೂರು ಸಲ ಹೇಳಿದರು. ಮಾವ ಬಸ್ ಪ್ರಯಾಣದ ಹಳಬರು. ಹಿಂದೆಲ್ಲ ಡ್ರೈವರ್ ಪಕ್ಕದ ಬಾನೆಟ್ ಮೇಲೆ ರೆಕ್ಸಿನ್ ದಿಂಬು ಹಾಸಿ ಕೂರಿಸ್ತಿದ್ದರು, ಎಂಜಿನ್ ಕಾವಿಗೆ ಇಳಿಯೋ ಹೊತ್ತಿಗೆ ಲುಂಗಿ ಒದ್ದೆ ಅಂತ ನಕ್ಕರು. ಆಮೇಲೆ ವೋಲ್ವೋ ಬಸ್ ಬಂತು, ಎಂಜಿನ್ ಹಿಂದಕ್ಕೆ ಹೋಯ್ತು. ಆ ಬಸ್ಸುಗಳ ಕಾರ್ಖಾನೆ ಇರೋದು ಇದೇ ಹೊಸಕೋಟೆ ತಾಲ್ಲೂಕಿನಲ್ಲಿ. "ಅದ್ರಲ್ಲಿ ಕೂತ್ರೆ ನಿದ್ದೆ ಬರುತ್ತೆ, ಇದ್ರಲ್ಲಿ?" ಅಂತ ಓಮ್ನಿ ಕಡೆ ಕೈ ತೋರಿಸಿದರು. ಇದರಲ್ಲಿ ನಿದ್ದೆ ಬರಲ್ಲ, ಅದನ್ನ ಒಪ್ಪಿಕೊಂಡೆ.

ವಾಪಸ್ ಬರುವಾಗ ಇನ್ನೊಂದು ಸದ್ದು. ಹಿಂದಿನ ಸ್ಲೈಡಿಂಗ್ ಬಾಗಿಲು ಪ್ರತಿ ಹಂಪಿಗೂ ಕಟಕಟ. ಇಷ್ಟು ವರ್ಷ ಎಂಜಿನ್ ಸದ್ದಿನ ಹಿಂದೆ ಅಡಗಿದ್ದದ್ದು. ಅದನ್ನ ಮೊದಲು ಹಿಡಿದಿದ್ದು ಅಪ್ಪನೇ. "ಬಲಗಡೆ ಬಾಗಿಲಲ್ಲ, ಎಡಗಡೇದು. ಕೆಳಗಿನ ರೋಲರ್ ಸವೆದಿದೆ" ಅಂದರು. ನಿಲ್ಲಿಸಿ ನೋಡಿದೆ. ಅದೇ.

ಸಂಜೆ ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ತಿರುಗಿದಾಗ ಎರಡೂ ಕಡೆ ಮಗ್ಗಗಳು ಓಡ್ತಾ ಇದ್ದವು. ಅಪ್ಪ ಗಾಡಿ ನಿಲ್ಲಿಸಿ, ಕಿಟಕಿ ಗಾಜು ಇಳಿಸಿ, ಒಂದು ನಿಮಿಷ ಕೇಳಿಸಿಕೊಂಡರು. ಆಮೇಲೆ ಕಿವಿ ಮಷಿನ್ ತೆಗೆದು, ಡಬ್ಬಿಗೆ ಹಾಕಿ, ಡಬ್ಬಿಯನ್ನ ಜೇಬಿನ ಬದಲು ಗಾಡಿಯ ಡ್ಯಾಶ್‌ಬೋರ್ಡಿನಲ್ಲಿಟ್ಟರು. ಬಾಗಿಲಿನ ರೋಲರಿಗೆ ಮುಂದಿನ ಶನಿವಾರ ಮೆಕ್ಯಾನಿಕ್ ಅಣ್ಣನಿಗೆ ಹೇಳಿದ್ದೀನಿ.