ಅಕ್ಕನ ಮಗನ ವಿಮಾನ, ನನ್ನ ಲ್ಯಾಪ್‌ಟಾಪು

ಕಳೆದ ತಿಂಗಳ ಒಂದು ಭಾನುವಾರ, ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ವಿಮಾನ ಹಾರಿಸುತ್ತಿದ್ದ ಅವಳ ಮಗ ಇದ್ದಕ್ಕಿದ್ದಂತೆ ಹೆಡ್‌ಸೆಟ್ ಕಿತ್ತು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಓಡಿದ. ಬೆಳಿಗ್ಗೆ ತಿಂದ ರೊಟ್ಟಿಯೆಲ್ಲ ವಾಂತಿಯಾಯಿತು. ಅಕ್ಕ ನೀರಿನ ತಂಬಿಗೆ ಹಿಡಿದು ಹಿಂದೆ ಓಡಿದಳು. ಬಾಗಿಲಲ್ಲಿ ನಿಂತಿದ್ದ ಭಾವ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು.

"ಕುಂತಲ್ಲೇ ಹಿಂಗಾದ್ರ ಮ್ಯಾಲ ಹೋದ್ರ ಏನಪಾ ಇವನ ಗತಿ? ನಮ್ಮ ಮಂದಿಗೆ ಒಗ್ಗೂದಲ್ಲ ಅದು. ಬಿಎಸ್ಸಿ ಅಗ್ರಿ ಮಾಡ್ಲಿ ಬಿಡು."

ಹುಡುಗ ಸೆಕೆಂಡ್ ಪಿಯುಸಿ ಸೈನ್ಸ್. ಫಿಸಿಕ್ಸು, ಗಣಿತ ಎರಡರಲ್ಲೂ ಚುರುಕು. ಏಳನೇ ಕ್ಲಾಸಿನಿಂದ ಪೈಲಟ್ ಆಗುತ್ತೇನೆ ಅನ್ನುತ್ತಿದ್ದಾನೆ. ಆ ರಾತ್ರಿ ಮಾಳಿಗೆಯ ಮೇಲೆ ಮಲಗಿದಾಗ ಮೆಲ್ಲಗೆ ಕೇಳಿದ: "ಮಾಮಾ, ನನ್ನ ತಲೀನ ಅದಕ್ಕ ಬರೂದಿಲ್ಲೇನು?"

ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಆದರೆ ಹೆಡ್‌ಸೆಟ್ ತಂದವನು ನಾನು, ಸೆಟ್ಟಿಂಗ್ ಮಾಡಿದವನೂ ನಾನು.

ಹೆಡ್‌ಸೆಟ್ ನಮ್ಮ ಡಿಪ್ಲೊಮಾ ಬ್ಯಾಚಿನ ಗೆಳೆಯನದು. ಬೆಂಗಳೂರಿನಲ್ಲಿರುವ ಅವನು ಹೊಸದು ಕೊಂಡಾಗ ಹಳೆಯ ಕ್ವೆಸ್ಟ್ 2 ಅನ್ನು ನನಗೆ ಕಡಿಮೆಗೆ ಕೊಟ್ಟ. ಲ್ಯಾಪ್‌ಟಾಪು ನನ್ನದೇ. ಒಂದು ಸುದ್ದಿಗೆ ಇಷ್ಟು ಅಂತ ದುಡ್ಡು ಬರುವ ಸ್ಟ್ರಿಂಜರ್‌ಗೆ ಆರ್‌ಟಿಎಕ್ಸ್ 3060 ಲ್ಯಾಪ್‌ಟಾಪು ಯಾಕೆ ಎಂದು ಕೇಳಬೇಡಿ. ಮದುವೆ ಸೀಸನ್ನಿನಲ್ಲಿ ವಿಡಿಯೋ ಎಡಿಟ್ ಮಾಡಿಯೇ ಅದರ ಕಂತು ತೀರಿಸುತ್ತಿದ್ದೇನೆ. ಅದಕ್ಕೆ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹಾಕಿ, "ಹುಡುಗ ಚೆಂದ ನೋಡಲಿ" ಅಂತ ಇದ್ದಬದ್ದ ಸೆಟ್ಟಿಂಗನ್ನೆಲ್ಲ ಅಲ್ಟ್ರಾಕ್ಕೆ ಏರಿಸಿದ್ದೆ. ತಪ್ಪು ಅಲ್ಲೇ ಆಗಿತ್ತು.

ತಲೆ ತಿರುಗುವುದು ಯಾಕೆ ಎಂದು ಓದುತ್ತ ಹೋದೆ. ನಮ್ಮ ಒಳಗಿವಿಯಲ್ಲಿ ದೇಹದ ಚಲನೆಯನ್ನು ಗುರುತಿಸುವ ಅಂಗವಿದೆ. ಹೆಡ್‌ಸೆಟ್ ಹಾಕಿದಾಗ ಕಣ್ಣು "ಹಾರುತ್ತಿದ್ದೇನೆ" ಅನ್ನುತ್ತದೆ, ಕಿವಿ "ಕುರ್ಚಿಯಲ್ಲಿ ಕೂತಿದ್ದೇನೆ" ಅನ್ನುತ್ತದೆ. ಈ ಜಗಳ ಸ್ವಲ್ಪ ಮಟ್ಟಿಗೆ ಎಲ್ಲರಿಗೂ ಇದ್ದದ್ದೇ. ಅದರ ಮೇಲೆ ಚಿತ್ರವೂ ತಡವರಿಸಿದರೆ ಹೊಟ್ಟೆ ತೊಳಸತೊಡಗುತ್ತದೆ. ಹೆಡ್‌ಸೆಟ್ ಸೆಕೆಂಡಿಗೆ 72 ಸಲ ಚಿತ್ರ ಬದಲಿಸುತ್ತದೆ ಎಂದುಕೊಳ್ಳಿ. ಹಾಗಾದರೆ ಒಂದೊಂದು ಚಿತ್ರ ಬರೆಯಲು ಕಂಪ್ಯೂಟರಿಗೆ ಸಿಗುವುದು 13.9 ಮಿಲಿಸೆಕೆಂಡು. 90 ಸಲ ಎಂದರೆ 11.1 ಮಾತ್ರ. ನಾನು 90 ಇಟ್ಟಿದ್ದೆ. ನನ್ನ ಲ್ಯಾಪ್‌ಟಾಪು ಒಮ್ಮೆ 40 ಚಿತ್ರ ಕೊಡುತ್ತಿತ್ತು, ಒಮ್ಮೆ 28, ಊರ ಮೇಲೆ ಬಂದಾಗ 22. ನೇರ ನೋಡಿದರೆ ಅಷ್ಟು ಗೊತ್ತಾಗದು. ಕೆಳಮಟ್ಟದಲ್ಲಿ ಹಾರುತ್ತ ಪಕ್ಕದ ಕಿಟಕಿಯಿಂದ ನೆಲ ನೋಡಿದರೆ ಹೊಲ, ಗಿಡ ಎಲ್ಲ ಎರಡೆರಡಾಗಿ ಕಂಡು ಜಗ್ಗಿ ಜಗ್ಗಿ ಓಡುತ್ತವೆ. ಹುಡುಗ ಅವತ್ತು ಮಾಡಿದ್ದು ಅದನ್ನೇ. ತಮ್ಮ ಹೊಲ ಹುಡುಕಲು ಕಿಟಕಿಯಾಚೆ ಬಗ್ಗಿ ನೋಡುತ್ತಿದ್ದ.

ಮುಂದೆ ಎಂಟು ಹತ್ತು ರಾತ್ರಿ, ಸುದ್ದಿ ಕಳಿಸಿದ ಮೇಲೆ ಇದೇ ಕೆಲಸ. ಒಂದು ನಿಯಮ ಇಟ್ಟುಕೊಂಡೆ: ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಬೇಕು, ಅದೇ ವಿಮಾನ, ಅದೇ ದಾರಿ ಹಾರಬೇಕು, ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಮೊದಲು ಸಿಕ್ಕಿದ್ದು ಕೇಬಲ್ಲು. ನಾನು ಹಾಕಿದ್ದು ಫೋನ್ ಚಾರ್ಜಿಂಗ್ ಕೇಬಲ್. ಯುಎಸ್‌ಬಿ 3 ಕೇಬಲ್ ತರಿಸಿ ಲ್ಯಾಪ್‌ಟಾಪಿನ ವೇಗದ ಪೋರ್ಟಿಗೇ ಹಾಕಿದ ಮೇಲೆ ಚಿತ್ರ ಚೌಕ ಚೌಕವಾಗಿ ಒಡೆಯುವುದು ನಿಂತಿತು. ಎರಡನೆಯದು ಓಪನ್‌ಎಕ್ಸ್‌ಆರ್. ಸಿಮ್ಯುಲೇಟರು ಹೆಡ್‌ಸೆಟ್ಟಿನೊಂದಿಗೆ ಮಾತಾಡುವುದು ಇದರ ಮೂಲಕ. ನನ್ನಲ್ಲಿ ಅದು ಸ್ಟೀಮ್‌ವಿಆರ್ ದಾರಿ ಹಿಡಿದಿತ್ತು, ಅಂದರೆ ನಡುವೆ ಬೇಡದ ಒಬ್ಬ ಮಧ್ಯವರ್ತಿ. ಹೆಡ್‌ಸೆಟ್ಟಿನ ಆ್ಯಪಿನಲ್ಲಿ ಅದನ್ನು ನೇರ ಮಾಡಿದೆ.

ಮೂರನೆಯದು ನಮ್ಮ ಕಡೆಯವರಿಗೆ ಮಾತ್ರ ಹೊಳೆಯುವಂಥದ್ದು: ಕರೆಂಟು. ಒಂದು ರಾತ್ರಿ ಎಲ್ಲ ಸರಿ ಇದ್ದದ್ದು ಏಕಾಏಕಿ ಕುಸಿಯಿತು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ನೋಡಿದರೆ ಬೀದಿಯೇ ಕತ್ತಲೆ. ಇಂಥ ಲ್ಯಾಪ್‌ಟಾಪುಗಳು ಬ್ಯಾಟರಿಗೆ ಬಂದ ಕೂಡಲೇ ಗ್ರಾಫಿಕ್ಸ್ ಶಕ್ತಿಯನ್ನು ಬಹಳಷ್ಟು ಇಳಿಸಿಬಿಡುತ್ತವೆ. ಚಾರ್ಜರ್ ಹಾಕಿದೆ ಎಂದರೆ ಸಾಲದು, ಅದರಲ್ಲಿ ಕರೆಂಟೂ ಇರಬೇಕು.

ಆಮೇಲೆ ಸಿಮ್ಯುಲೇಟರಿನ ಒಳಗೆ. ಡೆವಲಪರ್ ಮೋಡ್ ಹಾಕಿ ಎಫ್‌ಪಿಎಸ್ ತೋರಿಸು ಎಂದರೆ ಮೂಲೆಯಲ್ಲಿ ಒಂದು ಪಟ್ಟಿ ಬರುತ್ತದೆ. ಕೆಲಸ ಎಲ್ಲಿ ಸಿಕ್ಕಿಕೊಂಡಿದೆ, ಮೇನ್ ಥ್ರೆಡ್ಡಿನಲ್ಲೋ ಜಿಪಿಯುನಲ್ಲೋ ಎಂದು ಅದೇ ಹೇಳುತ್ತದೆ. ಇದು ಗೊತ್ತಿಲ್ಲದೆ ಸೆಟ್ಟಿಂಗ್ ಇಳಿಸುವುದು ಕೆರೆ ತುಂಬದ್ದಕ್ಕೆ ಕಾಲುವೆ ನೋಡದೆ ಮಳೆಯನ್ನು ಬೈದ ಹಾಗೆ. ಜಿಪಿಯು ಅಂದಾಗ ಮೋಡಗಳನ್ನು ಅಲ್ಟ್ರಾದಿಂದ ಮೀಡಿಯಮ್ಮಿಗೆ ತಂದೆ, ರೆಂಡರ್ ಸ್ಕೇಲಿಂಗನ್ನು 100ರಿಂದ 80ಕ್ಕೆ. ಅಗಲವೂ 80, ಎತ್ತರವೂ 80, ಹಾಗಾಗಿ ಬರೆಯಬೇಕಾದ ಚುಕ್ಕೆಗಳು ನೂರಕ್ಕೆ 64 ಮಾತ್ರ. ಮೇನ್ ಥ್ರೆಡ್ ಅಂದಾಗ ಟೆರೇನ್ ಲೆವೆಲ್ ಆಫ್ ಡೀಟೇಲನ್ನು 200ರಿಂದ 60ಕ್ಕೆ ಇಳಿಸಿದೆ, ಬೇರೆ ವಿಮಾನಗಳ ಸಂಚಾರವನ್ನು ಪೂರ್ತಿ ತೆಗೆದೆ. ಡಿಎಲ್‌ಎಸ್‌ಎಸ್ ಹಾಕಿದರೆ ವೇಗವೇನೋ ಬಂತು, ಆದರೆ ಗೇಜಿನ ಅಂಕಿಗಳು ಮಸುಕಾದವು. ಎತ್ತರ ಓದಲಾಗದ ಪೈಲಟ್ ಏನು ಮಾಡಿಯಾನು? ತೆಗೆದುಹಾಕಿದೆ. ವಿಮಾನವನ್ನೂ ಬದಲಿಸಿದೆ. ದೊಡ್ಡ ಪರದೆಗಳಿರುವ ಸೆಸ್ನಾ 172 ಬದಲು ಮುಳ್ಳಿನ ಗಡಿಯಾರಗಳ ಸೆಸ್ನಾ 152. ಪರದೆಗಳಿಲ್ಲದ್ದರಿಂದ ಕಂಪ್ಯೂಟರಿಗೆ ಹಗುರ.

ಇಂಟರ್ನೆಟ್ಟು ಇನ್ನೊಂದು ಕಾಟ. ನೆಲದ ಉಪಗ್ರಹ ಚಿತ್ರ ಹಾರುತ್ತಿರುವಾಗಲೇ ಇಳಿದು ಬರುತ್ತದೆ. ಅಕ್ಕನ ಊರಿನ ನೆಟ್‌ವರ್ಕ್ ನಿಮಗೆ ಗೊತ್ತೇ ಇದೆ. ಅದಕ್ಕೆ ರೋಲಿಂಗ್ ಕ್ಯಾಶ್ ತೆರೆದಿಟ್ಟು, ಪೇಟೆಯ ನನ್ನ ಕೋಣೆಯಲ್ಲಿ ಹೆಡ್‌ಸೆಟ್ ಇಲ್ಲದೆ ಅದೇ ದಾರಿಯನ್ನು ಒಮ್ಮೆ ಹಾರಿದೆ. ಆ ದಾರಿಯ ನೆಲ ಲ್ಯಾಪ್‌ಟಾಪಿನಲ್ಲೇ ಉಳಿಯಿತು.

ಇಷ್ಟಾದರೂ 72 ತಲುಪಲಿಲ್ಲ. 45, 52, 38, ಹೀಗೆ ಏರಿಳಿತ. ಕೊನೆಗೆ ತಲುಪಬೇಕೆಂಬ ಆಸೆಯನ್ನೇ ಬಿಟ್ಟೆ. ಹೆಡ್‌ಸೆಟ್ಟನ್ನು 72ಕ್ಕೆ ಇಟ್ಟು, ಅಸಿಂಕ್ರೊನಸ್ ಸ್ಪೇಸ್‌ವಾರ್ಪ್ ಎಂಬುದನ್ನು ಕಡ್ಡಾಯ ಮಾಡಿದೆ. ಆಗ ಕಂಪ್ಯೂಟರು ಸೆಕೆಂಡಿಗೆ 36 ಚಿತ್ರ ಮಾತ್ರ ಬರೆಯುತ್ತದೆ, ನಡುವಿನ ಒಂದೊಂದನ್ನು ಚಲನೆಯ ಲೆಕ್ಕದಿಂದ ಊಹಿಸಿ ತುಂಬಲಾಗುತ್ತದೆ. ಒಂದು ಚಿತ್ರಕ್ಕೆ 27.8 ಮಿಲಿಸೆಕೆಂಡು ಸಿಗುತ್ತದೆ. ನನ್ನ ಲ್ಯಾಪ್‌ಟಾಪಿಗೆ ಅದು ಸಲೀಸು. ಪ್ರೊಪೆಲರ್ ಸುತ್ತ, ರೆಕ್ಕೆಯ ಊರುಗೋಲಿನ ಅಂಚಿನಲ್ಲಿ ನೀರಿನಂತೆ ಸ್ವಲ್ಪ ನಡುಗುತ್ತದೆ, ನಿಜ. ಆದರೆ ನೆಲ ಒಂದೇ ಸಮ ಜಾರಿ ಹೋಗುತ್ತದೆ. 52ಕ್ಕೆ ಏರಿ 28ಕ್ಕೆ ಬೀಳುವುದಕ್ಕಿಂತ 36ರಲ್ಲಿ ನಿಲ್ಲುವುದು ಕಣ್ಣಿಗೂ ಹೊಟ್ಟೆಗೂ ಹಿತ. ಹತ್ತು ರಾತ್ರಿಯಲ್ಲಿ ಕಲಿತದ್ದು ಇಷ್ಟೇ.

ಮತ್ತೆ ಭಾನುವಾರ ಅಕ್ಕನ ಮನೆಗೆ ಹೋದೆ. ಹುಡುಗ ಹೆಡ್‌ಸೆಟ್ ಮುಟ್ಟಲಿಲ್ಲ. "ಬ್ಯಾಡ ಮಾಮಾ." ನೋಟ್‌ಬುಕ್ ತೆಗೆದು ಅವನ ಮುಂದಿಟ್ಟೆ. ಫಿಸಿಕ್ಸಿನ ಹುಡುಗನಲ್ಲವೇ, ಸಂಖ್ಯೆ ನೋಡುತ್ತ ಕೂತ. ಸ್ವಲ್ಪ ಹೊತ್ತಿಗೆ, "ಅವತ್ತು 22 ಇತ್ತೇನು?" ಅಂದ. "ಇತ್ತು. ತಪ್ಪು ನಂದು" ಅಂದೆ.

ಹಾಕಿಸುವ ಮುಂಚೆ ಇನ್ನೊಂದು ತಪ್ಪು ಕಂಡಿತು. ಕ್ವೆಸ್ಟ್ 2ರ ಮಸೂರಗಳ ನಡುವಿನ ಅಂತರಕ್ಕೆ ಮೂರೇ ಜಾಗ: 58, 63, 68 ಮಿಲಿಮೀಟರ್. ನನ್ನ ಕಣ್ಣಿಗೆ ಸರಿಯಾದ 68ರಲ್ಲೇ ಅವನಿಗೂ ಕೊಟ್ಟಿದ್ದೆ. ಕಂಪಾಸ್ ಬಾಕ್ಸಿನ ಸ್ಕೇಲು ಹಿಡಿದು ಅಳೆದರೆ ಅವನ ಕಣ್ಣುಗಳ ಅಂತರ 62ರ ಆಸುಪಾಸು. 63ಕ್ಕೆ ಸರಿಸಿದೆ. "ಈಗ ಅಂಕಿ ಕಾಣಾಕತ್ತಾವ" ಅಂದ. ಮೊದಲ ದಿನ ಅವನು ಗೇಜುಗಳನ್ನೇ ಸರಿಯಾಗಿ ನೋಡಿರಲಿಲ್ಲ ಎಂದು ಆಗ ಗೊತ್ತಾಯಿತು.

ಫ್ಯಾನನ್ನು ಮುಖಕ್ಕೆ ತಿರುಗಿಸಿದೆ. ಐದು ನಿಮಿಷ ಹುಬ್ಬಳ್ಳಿ ರನ್‌ವೇ ಮೇಲೆ ಸುಮ್ಮನೆ ನಿಲ್ಲಿಸಿದೆ. ಆಮೇಲೆ ಏರಿದ. ಹೆದ್ದಾರಿ ಹಿಡಿದು ದಕ್ಷಿಣಕ್ಕೆ, ಹಾವೇರಿಯ ಹೆಗ್ಗೇರಿ ಕೆರೆ, ಅಲ್ಲಿಂದ ವರದಾ ನದಿಯ ಅಂಕುಡೊಂಕು. ಸಿಮ್ಯುಲೇಟರಿನಲ್ಲಿ ನಮ್ಮ ಮನೆಗಳು ಯಾವುದೋ ಬೇರೆ ದೇಶದ ಮನೆಗಳಂತಿವೆ, ಆದರೆ ಹೊಲದ ಬದುಗಳು ನಮ್ಮವೇ. "ಅಪ್ಪಾ, ನಮ್ಮ ಹೊಲ!" ಎಂದು ಕೂಗಿದ. ಭಾವ ಲ್ಯಾಪ್‌ಟಾಪಿನ ಪರದೆಗೆ ಬಗ್ಗಿದರು. ಬಾವಿ ಪಕ್ಕದ ಬೇವಿನ ಮರ ಹುಡುಕಿದರು. ಅದು ಸಿಗಲಿಲ್ಲ, ಬದು ಸಿಕ್ಕಿತು.

ಒಟ್ಟು ಇಪ್ಪತ್ತೈದು ನಿಮಿಷ. ಕಡಿದಾಗಿ ತಿರುಗಿಸಿದಾಗ ಒಮ್ಮೆ ಸ್ವಲ್ಪ ತಲೆ ಸುತ್ತಿತಂತೆ. ತಾನೇ ಹೆಡ್‌ಸೆಟ್ ತೆಗೆದಿಟ್ಟು ನೀರು ಕುಡಿದ. ವಾಂತಿ ಇಲ್ಲ.

ಇದರಿಂದ ಅವನು ಪೈಲಟ್ ಆಗುತ್ತಾನೆ ಎಂದೇನೂ ಸಾಬೀತಾಗಲಿಲ್ಲ. ಅದನ್ನು ಅವನಿಗೂ ಹೇಳಿದೆ. ಹಾರಲು ದೇಹ ಯೋಗ್ಯವೋ ಅಲ್ಲವೋ ಎಂದು ನೋಡುವುದು ಡಿಜಿಸಿಎ ಮಾನ್ಯ ಮಾಡಿದ ವೈದ್ಯರು. ಮೊದಲು ಕ್ಲಾಸ್ 2, ಕಮರ್ಷಿಯಲ್ ಲೈಸೆನ್ಸಿಗೆ ಕ್ಲಾಸ್ 1. ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು, ಅದರ ಖರ್ಚು ಭಾವನ ಮೆಣಸಿನಕಾಯಿ ಬೆಳೆಗೆ ನಿಲುಕುವಂಥದ್ದಲ್ಲ. ಆ ಅಡ್ಡಿಗಳೆಲ್ಲ ಹಾಗೇ ಇವೆ. ನನ್ನ ಅಲ್ಟ್ರಾ ಸೆಟ್ಟಿಂಗು ತಂದಿಟ್ಟಿದ್ದ ಒಂದು ಅಡ್ಡಿ ಮಾತ್ರ ಹೋಯಿತು.

ಸಂಜೆ ಬೈಕ್ ಸ್ಟಾರ್ಟ್ ಮಾಡುವಾಗ ಭಾವ ಗೇಟಿನವರೆಗೆ ಬಂದರು. ಎಲೆ ಅಡಿಕೆ ಉಗುಳಿ, ಬೇರೆ ಕಡೆ ನೋಡುತ್ತ ಕೇಳಿದರು: "ಅಲ್ಲಪಾ, ಆ ಡಾಕ್ಟರು ಎಲ್ಲಿರ್ತಾರ? ಬೆಂಗಳೂರಾಗ ಏನು?"